ಮಡಚದ ಕೌದಿ

ಆ ಖೋಲಿಯಲ್ಲಿ ಪಾರ್ವತಿಬಾಯಿಯ ಕಣ್ಣಿಗೆ ಮೊದಲು ಬಿದ್ದದ್ದು ನೆಲ. ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರು, ಕಿಟಕಿಗೆ ನೀಲಿ ಪರದೆ ಬಿಟ್ಟಿದ್ದರು, ಒಂದು ಮೂಲೆಯಲ್ಲಿ ಸಣ್ಣ ಮಂಚ, ಇನ್ನೊಂದು ಮೂಲೆಯಲ್ಲಿ ಸೀಮೆಎಣ್ಣೆ ಸ್ಟೋವು, ಎರಡು ಪಾತ್ರೆ. ಅದಾವುದನ್ನೂ ಅವಳು ನೋಡಲಿಲ್ಲ. ಈ ಗೋಡೆಯಿಂದ ಆ ಗೋಡೆಯವರೆಗೆ ಶಹಾಬಾದಿನ ಕಲ್ಲುಚಪ್ಪಡಿಯ ಪರಸಿ ಹಾಸಿತ್ತು, ತೊಳೆದು ಒರೆಸಿ ಇಟ್ಟಿದ್ದರು, ಮೇಲೆ ಒಂದು ಹುಲ್ಲುಕಡ್ಡಿ ಇರಲಿಲ್ಲ. ಅವಳು ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ನಡೆದಳು.

"ಇಷ್ಟೂ ನಂದಾ?" ಎಂದಳು.

"ಪೂರ್ತಿ ನಿಮ್ದೇ ಆಂಟಿ, ಮೂರು ತಿಂಗಳು," ಎಂದು ಶೋಭಾ ನಕ್ಕಳು. "ನೋಡಿ, ಬಾಗಿಲಿಗೆ ಒಳಗಡೆಯಿಂದ ಚಿಲಕಾನೂ ಇದೆ."

ಶೋಭಾ ಒಂದು ಕಲಾ ಟ್ರಸ್ಟಿನಲ್ಲಿ ಕೆಲಸ ಮಾಡುವ ಹುಡುಗಿ. ಅವಳಪ್ಪ ಮೈಸೂರು ಕಡೆಯಿಂದ ಸರ್ಕಾರಿ ಕಾರ್ಖಾನೆಯ ನೌಕರಿಗೆಂದು ಹೈದರಾಬಾದಿಗೆ ಬಂದವರು. ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಆ ಟ್ರಸ್ಟಿನವರು ವರ್ಷಕ್ಕೊಬ್ಬ ಕಲಾವಿದರನ್ನು ಯಾವುದಾದರೂ ಬಸ್ತಿಯಲ್ಲಿ ತಂದು ಇರಿಸುತ್ತಿದ್ದರು. ಖೋಲಿ ಅವರದು, ಊಟ ಬಟ್ಟೆಯ ಖರ್ಚು ಅವರದು. ಕಲಾವಿದರು ಅಲ್ಲಿಯ ಜನರ ನಡುವೆ ಇದ್ದುಕೊಂಡು ತಮ್ಮ ಕೆಲಸ ಮಾಡಬೇಕು, ಕೊನೆಗೊಂದು ದಿನ ಬಾಗಿಲು ತೆರೆದು ಎಲ್ಲರಿಗೂ ತೋರಿಸಬೇಕು. ಇದಕ್ಕೆ ರೆಸಿಡೆನ್ಸಿ ಎಂದು ಹೆಸರು. ರಾಜ್ಯ ಇನ್ನೂ ಒಡೆದು ಎರಡಾಗಿರದ ಕಾಲ, ಮೆಟ್ರೋದ ಕಂಬಗಳು ಎದ್ದಿರಲಿಲ್ಲ, ಆದರೆ ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದವು. ಅವುಗಳ ಬೆನ್ನಿಗೆ ಒಂದು ಹಳೆಯ ಗಲ್ಲಿ. ಆ ಕಟ್ಟಡಗಳಿಗೆ ಕಲ್ಲು ಮಣ್ಣು ಹೊರಲು ದೇವದುರ್ಗ, ಸುರಪುರ, ಮಾನ್ವಿ ಕಡೆಯಿಂದ ಬಂದವರು ಅಲ್ಲಿ ತುಂಬಿಕೊಂಡಿದ್ದರು. ಆ ಗಲ್ಲಿಗೆ ಕನ್ನಡ ಆಡುವ ಕಲಾವಿದರೇ ಬೇಕಿತ್ತು. ಮಲ್ಕಾಜ್‌ಗಿರಿಯ ಕನ್ನಡಿಗರ ಹಬ್ಬದ ಕೂಟದಲ್ಲಿ ಪಾರ್ವತಿಬಾಯಿ ಹೊಲಿದ ಕೌದಿಯೊಂದನ್ನು ನೋಡಿದ್ದ ಶೋಭಾ ಮನೆ ಹುಡುಕಿಕೊಂಡು ಬಂದು ಕರೆದಳು.

ಕಲಾವಿದೆ ಎಂಬ ಮಾತು ಕೇಳಿ ಪಾರ್ವತಿಬಾಯಿಗೆ ಏನೂ ಅನ್ನಿಸಲಿಲ್ಲ. ಖಾಲಿ ಖೋಲಿ ಎಂಬ ಮಾತು ಕೇಳಿ ಮೈ ಜುಮ್ಮೆಂದಿತು.

ಅದಕ್ಕೆ ಕಾರಣವಿದೆ. ಕೌದಿಗೆ ಬೇಕಾದದ್ದು ಸೂಜಿ ದಾರಕ್ಕಿಂತ ಮೊದಲು ನೆಲ. ಹಳೆಯ ಸೀರೆ ಧೋತರಗಳನ್ನು ಪದರಿನ ಮೇಲೆ ಪದರು ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ಹೊಲಿಯುತ್ತಾ, ಸುತ್ತುತ್ತಾ ನಡುವಿಗೆ ಬರಬೇಕು. ನಡುವಿಗೆ ಬರುವವರೆಗೂ ನೆಲದಿಂದ ಎತ್ತಬಾರದು. ಎತ್ತಿ ಮಡಚಿಟ್ಟರೆ ಒಳಗಿನ ಪದರು ಜರುಗುತ್ತದೆ, ಅಲ್ಲಲ್ಲಿ ಗಂಟು ಕಟ್ಟುತ್ತದೆ, ಹೊಲಿಗೆಯ ಗೆರೆ ವಾಲುತ್ತದೆ. ಲಿಂಗಸುಗೂರಿನ ಹತ್ತಿರದ ಅವಳ ತವರಿನಲ್ಲಿ ಸೋದರತ್ತೆ ಕೌದಿ ಹಾಸಿದಳೆಂದರೆ ಅದು ಪಡಸಾಲೆಯಲ್ಲಿ ತಿಂಗಳುಗಟ್ಟಲೆ ಹಾಸಿಯೇ ಇರುತ್ತಿತ್ತು; ಮನೆಯ ಗಂಡಸರು ಗೋಡೆ ಹಿಡಿದುಕೊಂಡು ಬಳಸಿ ಹೋಗುತ್ತಿದ್ದರು. ಆ ಅತ್ತೆಗೆ ಇನ್ನೊಂದು ನೇಮವಿತ್ತು. ನಡುವಿನ ಕೊನೆಯ ತುಂಡನ್ನು ಮುಚ್ಚುವ ಮೊದಲು, ಆಗಷ್ಟೇ ಬೇಯಿಸಿದ ರೊಟ್ಟಿಯ ಒಂದು ತುತ್ತನ್ನು ಅರಿಷಿಣ ಕುಂಕುಮದ ಜೊತೆ ಒಳಗಿಟ್ಟು ಹೊಲಿಯುತ್ತಿದ್ದಳು. ಅದು ಕೌದಿಯ ಹೊಟ್ಟೆ. ಹೊಟ್ಟೆ ತುಂಬಿಸದೆ ಮುಚ್ಚಿದ ಕೌದಿ ತಾನೂ ಮಲಗುವುದಿಲ್ಲ, ಹೊದ್ದವರನ್ನೂ ಮಲಗಿಸುವುದಿಲ್ಲ ಎಂದು ಅವಳು ನಂಬಿದ್ದಳು.

ಪಾರ್ವತಿಬಾಯಿ ಮದುವೆಯಾಗಿ ಬಂದದ್ದು ರೈಲ್ವೆಯ ಅಮೃತಪ್ಪನ ಮನೆಗೆ. ಮೊದಲು ಕ್ವಾರ್ಟರ್ಸು, ಆಮೇಲೆ ಮಲ್ಕಾಜ್‌ಗಿರಿ ಸ್ಟೇಷನ್ನಿನ ಹಿಂದೆ ಎರಡು ಖೋಲಿಯ ಸ್ವಂತ ಮನೆ. ಅಲ್ಲಿ ನೆಲ ಎಂಬುದು ಯಾವತ್ತೂ ಬೇರೆ ಯಾರದೋ ಆಗಿತ್ತು. ಮಕ್ಕಳ ಪುಸ್ತಕ, ಊರಿಂದ ದವಾಖಾನೆಗೆ ಬಂದವರ ಹಾಸಿಗೆ, ಭಾನುವಾರ ಅಮೃತಪ್ಪನ ಸ್ನೇಹಿತರ ಇಸ್ಪೀಟು. ಅವಳು ಕೌದಿ ಹಾಸಿ ಕೂತರೆ ಸಾಕು, ಹೊರಬಾಗಿಲಲ್ಲಿ ಚಪ್ಪಲಿಯ ಸದ್ದು, ಹಿಂದೆಯೇ ಅಮೃತಪ್ಪನ ದನಿ: "ಮಂದಿ ಬಂದಾರ. ಅದನ್ನ ತಗಿ ಮೊದ್ಲ." ಗಂಡಸರು ಹರವಿದ ಇಸ್ಪೀಟಿನ ಎಲೆಗಳನ್ನು ಎತ್ತಿಡಲು ಯಾರೂ ಯಾವತ್ತೂ ಹೇಳಲಿಲ್ಲ, ಅದನ್ನು ಬಿಡಿ. ಹೀಗೆ ಎತ್ತಿ ಎತ್ತಿ ಅವಳು ಹೊಲಿದ ಕೌದಿಗಳಲ್ಲಿ ನೆಟ್ಟಗಿನದು ಒಂದೂ ಇಲ್ಲ. ನೋಡಿದವರು ಹೊಗಳುತ್ತಾರೆ. ಈ ಗಂಟು ನಾದಿನಿಯನ್ನು ನೋಡಲು ವರನ ಕಡೆಯವರು ಬಂದಾಗಿನದು, ಈ ಗೆರೆ ಸೊಟ್ಟಗಾದದ್ದು ಮಾವನ ಸ್ನೇಹಿತರು ಯಾತ್ರೆಗೆ ಹೋಗುತ್ತಾ ಇಳಿದುಕೊಂಡಾಗಿನದು ಎಂದು ಅವಳಿಗೆ ಮಾತ್ರ ಗೊತ್ತು. ಜೀವಮಾನದಲ್ಲಿ ಒಂದೇ ಒಂದು ಕೌದಿಯನ್ನು ಹಾಸಿದಲ್ಲಿಂದ ಎತ್ತದೆ ಹೊಲಿಯಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

"ಮನಿ ಬಿಟ್ಟು ಅಲ್ಲಿ ಹೋಗಿ ಕುಂದರತೀಯಾ?" ಎಂದು ಅಮೃತಪ್ಪ ಕೂಗಾಡಿದ. "ನನ್ನ ಊಟದ ಗತಿ ಏನು? ಸೊಸಿ ನೌಕರಿಗೆ ಹೋಗ್ತಾಳ."

"ನೀವು ನೌಕರಿಗೆ ಹೋಗೂದಿಲ್ಲಲ್ರಿ. ರಿಟೈರ್ ಆಗೀರಿ. ಕುಕ್ಕರಿನ ಸೀಟಿ ಕೇಳಿ ಗ್ಯಾಸ್ ಬಂದ್ ಮಾಡಾಕ ಬರೂದಿಲ್ಲೇನು?"

ಅವನಿಗೆ ಬರುತ್ತಿರಲಿಲ್ಲ. ಆದರೂ ಅವಳು ಬಂದಳು. ತನ್ನ ಹಳೆಯ ಸೀರೆಗಳ ಎರಡು ಗಂಟು ಕಟ್ಟಿಕೊಂಡು, ಸಿಕಂದರಾಬಾದಿನಲ್ಲಿ ರೈಲು ಬದಲಿಸಿ, ಒಬ್ಬಳೇ ಬಂದಳು.

ಬಂದ ದಿನವೇ ಒಂದು ತಪ್ಪು ಮಾಡಿದಳು. ನಮ್ಮ ಆ ಕಡೆಯ ಹೆಂಗಸರು ಮಾತ್ರ ಮಾಡುವಂಥ ತಪ್ಪು. ಹೊಸ ಜಾಗಕ್ಕೆ ಕಾಲಿಟ್ಟು ಒಲೆ ಹೊತ್ತಿಸಿದ ಮೇಲೆ ನೆರೆಹೊರೆಗೆ ಉಣ್ಣಿಸದೆ ಒಬ್ಬಳೇ ಉಣ್ಣುವುದು ಹೇಗೆ? ಹಾಲುಕ್ಕಿಸಿ, ಅಂಗಡಿಯಿಂದ ಜೋಳದ ಹಿಟ್ಟು ತಂದು, ರೊಟ್ಟಿ ಬಡಿದು, ಝುಣಕ ಮಾಡಿ, ಗಲ್ಲಿಯ ಮಂದಿಯನ್ನು ತಾನೇ ಬಾಗಿಲಿಗೆ ಹೋಗಿ ಕರೆದಳು. ಬೆಳಗಿನಿಂದ ಸಂಜೆಯವರೆಗೆ ಬುಟ್ಟಿ ಹೊತ್ತು ಬಂದು ಬರಿಯ ಅನ್ನ ಸಾರು ಉಂಡು ಮಲಗುವ ಜನ. ಬಿಸಿ ರೊಟ್ಟಿಯ ವಾಸನೆ ಮೂಗಿಗೆ ಬಡಿದದ್ದೇ ಅವರ ಕಣ್ಣಲ್ಲಿ ನೀರು ಬಂತು. ಎದುರು ಮನೆಯ ಜಯಮ್ಮ, ದೇವದುರ್ಗದ ಕಡೆಯವಳು, ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಹೋಗುವವಳು, ರೊಟ್ಟಿಯನ್ನು ಹಣೆಗೊತ್ತಿಕೊಂಡು ಉಂಡಳು.

"ಅಕ್ಕಾರ, ನಮ್ಮವ್ವನ ಕೈ ರೊಟ್ಟಿ ಉಂಡಂಗಾತ್ರಿ," ಎಂದಳು.

ಶೋಭಾ ಫೋಟೋ ತೆಗೆದದ್ದೇ ತೆಗೆದದ್ದು. "ಸೂಪರ್ ಆಂಟಿ! ಮೊದಲ ದಿನಾನೇ ಎಲ್ಲರನ್ನೂ ಒಳಗೆ ಕರ್ಕೊಂಡುಬಿಟ್ರಿ. ಕಮ್ಯುನಿಟಿ ಅಂದ್ರೆ ಇದೇ ಅಲ್ವಾ!"

ಪಾರ್ವತಿಬಾಯಿಗೂ ಸಂತೋಷವಾಯಿತು. ಸುಳ್ಳು ಹೇಳಬಾರದು, ಆ ಹೊತ್ತು ಆಯಿತು.

ಮರುದಿನ ಕೌದಿ ಹಾಸಿದಳು. ಅಡಿಯಲ್ಲಿ ತನ್ನ ಮದುವೆಯ ಕಾಲದ ಧಾರೆಯ ಸೀರೆ, ಮೇಲೆ ಬಾಣಂತನದ್ದು, ಅದರ ಮೇಲೆ ದಿನಬಳಕೆಯ ನೂಲಿನವು. ಅಂಚಿನ ಮೊದಲ ಸಾಲು ಹೊಲಿಯುತ್ತಿದ್ದಂತೆ ಸಂಜೆಯಾಯಿತು. ಜಯಮ್ಮ ಒಂದು ಪರಾತದಲ್ಲಿ ಹಿಟ್ಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಮಗುವಿಗೆ ಜ್ವರ, ಅನ್ನ ಒಲ್ಲೆ ಅನ್ನುತ್ತದೆ, ಒಂದೆರಡು ರೊಟ್ಟಿ ಬಡಿದು ಕೊಟ್ಟರೆ ಪುಣ್ಯ ಬರುತ್ತದೆ. ಹೇಗೆ ಇಲ್ಲವೆನ್ನುವುದು? ಕೌದಿಯ ಒಂದು ಮೂಲೆ ಮಡಚಿ ಪರಾತ ಇಟ್ಟುಕೊಂಡಳು. ಆ ವಾರ ಮುಗಿಯುವಷ್ಟರಲ್ಲಿ ಜಯಮ್ಮನ ಪಕ್ಕದವಳು ಬಂದಳು, ಅವಳ ಓರಗಿತ್ತಿ ಬಂದಳು, ಯಾರೋ ಒಂಟಿ ಗಂಡಸರು ಹಿಟ್ಟಿನ ಚೀಲವನ್ನೇ ತಂದು ಮೂಲೆಗಿಟ್ಟು, "ದಿನಾ ನಮ್ದೂ ಒಂದೀಟು ನೋಡ್ರಿ ಅಕ್ಕಾರ," ಎಂದು ಹೋದರು. ಎರಡನೆಯ ಮೂಲೆಯೂ ಮಡಚಿಕೊಂಡಿತು.

ಶೋಭಾಗೆ ಹುರುಪು ಹೆಚ್ಚಾಯಿತು. ಹೇಗೂ ಎಲ್ಲರೂ ಇಲ್ಲೇ ಸೇರುತ್ತಾರಲ್ಲ ಎಂದು ಟ್ರಸ್ಟು ಗಲ್ಲಿಯಲ್ಲಿ ನಡೆಸುತ್ತಿದ್ದ ಗುರುವಾರದ ಹೆಂಗಸರ ಸಭೆಯನ್ನು ಈ ಖೋಲಿಗೇ ತಂದಳು. ಸಭೆಗೆ ಪ್ಲಾಸ್ಟಿಕ್ ಕುರ್ಚಿಗಳು ಬಂದವು. ಸಭೆ ಮುಗಿದ ಮೇಲೆ ಅವು ಹೋಗಲಿಲ್ಲ, ಗೋಡೆಗುಂಟ ಒಂದರ ಮೇಲೊಂದು ನಿಂತವು.

"ಇಲ್ಲಿ ಕೌದಿ ಹಾಸೇನಿ ಶೋಭಾ," ಎಂದಳು ಪಾರ್ವತಿಬಾಯಿ.

"ಸ್ವಲ್ಪ ಹೊತ್ತು ಸುತ್ತಿಡಿ ಆಂಟಿ, ಒಂದು ಗಂಟೆ ಅಷ್ಟೇ."

ಅವಳು ಸುತ್ತಿಟ್ಟಳು. ಭಾನುವಾರ ಅಮೃತಪ್ಪ ಬಂದ. ಒಗೆಯಲು ಬಟ್ಟೆಯ ಚೀಲ ತಂದಿದ್ದ. ಹಾಸಿದ್ದ ಕೌದಿಯ ನಟ್ಟನಡುವೆ ಚಕ್ಕಂಬಕ್ಕಳ ಹಾಕಿ ಕೂತು, ರೊಟ್ಟಿ ಉಂಡು, ಮೇಲೆ ಮಜ್ಜಿಗೆ ಚೆಲ್ಲಿ, "ಇಲ್ಲಿ ಗಾಳಿ ಚಲೋ ಐತಿ," ಎಂದು ಅಲ್ಲೇ ನಿದ್ದೆ ಹೊಡೆದ. ಗೊರಕೆ ಹೊಡೆಯುವ ಗಂಡನನ್ನು ನೋಡುತ್ತಾ ಪಾರ್ವತಿಬಾಯಿ ಹಲ್ಲು ಕಚ್ಚಿ ಕೂತಿದ್ದಳು. ಮನೆ ಬಿಟ್ಟು ಬಂದರೆ ಮನೆಯೇ ಹಿಂದೆ ಬಂದು ಮಲಗಿದೆಯಲ್ಲ ಎಂದು ಹೊಟ್ಟೆ ಉರಿಯಿತು. ಬಾಗಿಲ ಚಿಲಕವನ್ನು ಅವಳು ಒಂದು ಹಗಲೂ ಹಾಕಿರಲಿಲ್ಲ. ಹಗಲಲ್ಲಿ ಒಳಚಿಲಕ ಹಾಕುವುದು ಅವಳಿಗೆ ಗೊತ್ತೇ ಇರಲಿಲ್ಲ.

ಒಂದೂವರೆ ತಿಂಗಳು ಹೀಗೇ ಹೋಯಿತು. ಒಂದು ಗುರುವಾರ ಸಭೆಯವರು ಎದ್ದುಹೋದ ಮೇಲೆ ಕೌದಿ ಬಿಚ್ಚಿ ಹಾಸಿದಳು. ಒಂದು ಮೂಲೆಯಲ್ಲಿ ಕುರ್ಚಿಯ ಕಾಲು ತೂರಿ ಬಟ್ಟೆ ಹರಿದಿತ್ತು. ಇನ್ನೊಂದು ಮೂಲೆಯಲ್ಲಿ ಒಳಗಿನ ಪದರು ಜರುಗಿ, ಅಂಗೈ ಇಟ್ಟರೆ ಸಿಗುವಷ್ಟು ದಪ್ಪ ಗಂಟು. ಅದೇ ಗಂಟು, ಮಲ್ಕಾಜ್‌ಗಿರಿಯ ಗಂಟು. ಅವಳು ಅದರ ಮೇಲೆ ಕೈಯಿಟ್ಟುಕೊಂಡು ಕೂತಿದ್ದಾಗಲೇ ಜಯಮ್ಮ ಪರಾತ ಹಿಡಿದು ಒಳಗೆ ಬಂದಳು.

"ನಾಕು ರೊಟ್ಟಿ ಬಡದು ಕೊಡ್ರಿ ಅಕ್ಕಾರ, ಇವತ್ತು ಭಾಳ ಸಾಕಾಗೈತಿ."

"ಹೊರಗ ನಡಿ!" ಪಾರ್ವತಿಬಾಯಿ ಕಿರುಚಿದಳು. ಅಷ್ಟು ದೊಡ್ಡ ದನಿ ತನ್ನಲ್ಲಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. "ನಿಮಗ ರೊಟ್ಟಿ ಬಡ್ಯಾಕ ಬಂದೀನೇನು ನಾನು? ನಿಮ್ಮ ಕೈಗೇನು ರೋಗ ಬಂದೈತಿ? ದಿನಾ ಪರಾತ ಹಿಡ್ಕೊಂಡು ಬರ್ತೀರಿ, ನಾಚಿಕಿ ಇಲ್ಲದ ಮಂದಿ!"

ಜಯಮ್ಮನ ಮುಖ ಕಪ್ಪಿಟ್ಟಿತು. ಆದರೆ ಅವಳೂ ಬುಟ್ಟಿ ಹೊರುವ ಹೆಂಗಸು, ಬಾಯಿ ಇಲ್ಲದವಳಲ್ಲ.

"ಮೊದಲ ದಿನ ಬಾಗಲಿಗೆ ಬಂದು ಕರದಾವ್ರು ಯಾರ್ರಿ? ನಾವಾಗಿ ಬಂದಿದ್ವೇನು? ಬ್ಯಾಡ ಅಂದಿದ್ರ ಅವತ್ತ ಹೋಗ್ತಿದ್ವಿ. ನಕ್ಕೋತ ಮಾಡಿ ಹಾಕಿದ್ರಿ, ನಿಮಗೂ ಖುಷಿ ಐತಿ ಅನ್ಕೊಂಡ್ವಿ. ಹೊಟ್ಟ್ಯಾಗ ಇಷ್ಟು ಬೆಂಕಿ ಇಟ್ಕೊಂಡು ಬಡದ ರೊಟ್ಟಿ ನನ್ನ ಕೂಸಿಗೆ ತಿನಿಸಿದ್ನಲ್ಲ, ಥೂ!"

ಪರಾತ ಹಿಡಿದುಕೊಂಡೇ ಹೊರಟುಹೋದಳು.

ಪಾರ್ವತಿಬಾಯಿಗೆ ಕಪಾಳಕ್ಕೆ ಬಿದ್ದಂತಾಯಿತು. ಬೈದದ್ದು ಯಾರಿಗೆ, ಬೈಯಬೇಕಾದದ್ದು ಯಾರಿಗೆ? ಜಯಮ್ಮ ಹೇಳಿದ್ದರಲ್ಲಿ ಸುಳ್ಳೇನಿತ್ತು? ಒಂದು ದಿನವೂ ಬೇಡ ಅಂದಿರಲಿಲ್ಲ ತಾನು. ಜಯಮ್ಮನಿಗೆ ಮಾತ್ರವಲ್ಲ, ಯಾರಿಗೂ. ಈ ಊರಿಗೆ ಬಂದಂದಿನಿಂದ ಎತ್ತು ಅಂದಾಗ ಎತ್ತಿದವಳು, ಸುತ್ತು ಅಂದಾಗ ಸುತ್ತಿದವಳು. ಸಿಟ್ಟನ್ನು ಕೌದಿಯ ಜೊತೆಗೇ ಮಡಚಿ ಇಟ್ಟು ಇಟ್ಟು, ಕೊನೆಗೆ ಅದು ಹೊರಬಿದ್ದದ್ದು ದಣಿದು ಬಂದ ಒಬ್ಬ ಕೂಲಿ ಹೆಂಗಸಿನ ಮೇಲೆ. ಅದಕ್ಕೂ ಸೇರಿಸಿ ಸಿಟ್ಟು ಬಂತು.

ಎದ್ದಳು. ಕುರ್ಚಿಗಳನ್ನು ಒಂದೊಂದಾಗಿ ಗಲ್ಲಿಗೆ ತಂದಿಟ್ಟಳು. ಹಿಟ್ಟಿನ ಚೀಲಗಳನ್ನು ಎಳೆದು ಅವುಗಳ ಮಾಲೀಕರ ಬಾಗಿಲಿಗೆ ಮುಟ್ಟಿಸಿದಳು. ಗಂಡನ ಒಗೆಯದ ಬಟ್ಟೆಯ ಚೀಲವನ್ನು, ಭಾನುವಾರ ಅವನು ಬಂದಾಗ, ಹೊಸ್ತಿಲಲ್ಲೇ ಅವನ ಕೈಗೆ ಕೊಟ್ಟಳು. ಆಮೇಲೆ ಕೂತು ಅಷ್ಟು ದಿನದ ಹೊಲಿಗೆಯನ್ನೆಲ್ಲ ಬಿಚ್ಚಿದಳು. ಪದರು ಕೊಡವಿ, ಒದ್ದೆ ಬಟ್ಟೆಯಿಂದ ಪರಸಿ ಒರೆಸಿ, ಮೊದಲಿನಿಂದ ಹಾಸಿದಳು.

ಶೋಭಾ ಓಡಿ ಬಂದಳು. "ಆಂಟಿ, ಏನಾಯ್ತು? ಜನ ಬೇಜಾರು ಮಾಡ್ಕೊಂಡಿದಾರೆ. ಇದು ಕಮ್ಯುನಿಟಿ ರೆಸಿಡೆನ್ಸಿ ಅಲ್ವಾ?"

"ಕಮ್ಯುನಿಟಿ ಅಂದ್ರ ನನ್ನ ಒಲಿ ಏನವಾ? ಕೌದಿ ಹೊಲಿಯಾಕ ಕರದಿದ್ದಿ. ಬೇಕಾದ್ರ ಅವರೂ ಬಂದು ಹೊಲೀಲಿ, ಸೂಜಿ ನಾ ಕೊಡ್ತೀನಿ. ಪರಾತ ತಂದವರಿಗೆ ಮಾತ್ರ ಇಲ್ಲಿ ಜಾಗಾ ಇಲ್ಲ."

ಯಾರೂ ಬರಲಿಲ್ಲ. ಬುಟ್ಟಿ ಹೊತ್ತು ಬಂದವರಿಗೆ ಸೂಜಿ ಹಿಡಿಯುವ ಶಕ್ತಿ ಎಲ್ಲಿಯದು? ಗಲ್ಲಿಯವರು ಅವಳ ಬಾಗಿಲ ಮುಂದೆ ಮುಖ ತಿರುಗಿಸಿಕೊಂಡು ಹೋದರು. ಅವಳು ಹೊಲಿದಳು. ಬೆನ್ನು ಹಿಡಿದುಕೊಂಡಿತು, ಹೆಬ್ಬೆರಳಿನ ತುದಿ ಒಡೆಯಿತು, ಮೊಣಕಾಲ ಮೇಲೆ ಜರುಗುತ್ತಾ ಜರುಗುತ್ತಾ ಅಂಚು ಸುತ್ತಿ ನಡುವಿನತ್ತ ಬಂದಳು. ಗೆರೆ ವಾಲಲಿಲ್ಲ. ದಿನ ಮುಗಿದ ಮೇಲೂ ಕೌದಿ ಅಲ್ಲೇ, ಬೆಳಿಗ್ಗೆ ಎದ್ದಾಗಲೂ ಅಲ್ಲೇ. ಅವಳೇ ಗೋಡೆ ಹಿಡಿದುಕೊಂಡು ಬಳಸಿ ಹೋಗುತ್ತಿದ್ದಳು.

ತೋರಿಸುವ ದಿನ ಬಂತು. ಬೆಳಿಗ್ಗೆ ನಡುವಿನ ಅಂಗೈಯಗಲ ಹೊಟ್ಟೆ ಮಾತ್ರ ತೆರೆದಿತ್ತು. ಮಧ್ಯಾಹ್ನದೊಳಗೆ ಮುಗಿಯುತ್ತಿತ್ತು. ಅಷ್ಟರಲ್ಲಿ ಶೋಭಾ ಬಾಳೆ ಎಲೆಗಳ ಕಟ್ಟು ಹೊತ್ತು ಬಂದಳು, ಹಿಂದೆ ಸ್ಟೀಲ್ ತಟ್ಟೆಗಳ ಬುಟ್ಟಿ.

"ಆಂಟಿ, ಬೈಬೇಡಿ. ಇವತ್ತೊಂದೇ ದಿನ. ಮೊದಲ ದಿನದ ಫೋಟೋ ನೋಡಿ ಎಲ್ಲರೂ ನಿಮ್ಮ ರೊಟ್ಟಿ ಊಟಕ್ಕೇ ಅಂತ ಬರ್ತಿದಾರೆ, ಟ್ರಸ್ಟಿನ ದೊಡ್ಡವರೂ ಬರ್ತಾರೆ. ಕೌದೀನ ತೆಗೆದು ಗೋಡೆಗೆ ನೇತುಹಾಕೋಣ. ನೆಲದ ಮೇಲೆ ಸಾಲಾಗಿ ಕೂರಿಸಿ ಬಡಿಸೋಣ, ಆಯ್ತಾ?"

"ಇನ್ನೂ ಹೊಟ್ಟಿ ಮುಚ್ಚಿಲ್ಲ."

"ಯಾರಿಗೂ ಗೊತ್ತಾಗಲ್ಲ ಆಂಟಿ."

ಪಾರ್ವತಿಬಾಯಿ ಸೂಜಿಯನ್ನು ಕೌದಿಗೆ ಚುಚ್ಚಿಟ್ಟು ಎದ್ದಳು. ಹೊರಗೆ ಹೋಗಿ ಗಲ್ಲಿ ದಾಟಿ ಜಯಮ್ಮನ ಬಾಗಿಲಲ್ಲಿ ನಿಂತಳು. ಜಯಮ್ಮ ಅಂದು ಕೆಲಸಕ್ಕೆ ಹೋಗಿರಲಿಲ್ಲ, ಕೂಸಿಗೆ ಸ್ನಾನ ಮಾಡಿಸುತ್ತಿದ್ದಳು. ಜಗಳದ ಮೇಲೆ ಇಬ್ಬರೂ ಮಾತಾಡಿರಲಿಲ್ಲ.

"ಜಯವ್ವ, ಒಂದು ಹಿಡಿ ಹಿಟ್ಟು ಕೊಡ್ತಿ?"

ಜಯಮ್ಮ ಅವಳ ಮುಖ ನೋಡಿದಳು, ಎದುರಿನ ತಟ್ಟೆಗಳ ಬುಟ್ಟಿ ನೋಡಿದಳು. "ಇಷ್ಟು ಮಂದಿಗೆ ಒಂದು ಹಿಡಿ ಏನ್ ಸಾಕಾಕೈತ್ರಿ?"

"ಮಂದಿಗಲ್ಲ. ಕೌದಿಗೆ."

ಜಯಮ್ಮನಿಗೆ ತಿಳಿಯಿತು. ಅವಳೂ ಕೌದಿಯಲ್ಲಿ ಹುಟ್ಟಿ ಬೆಳೆದವಳು. ಒದ್ದೆ ಕೈ ಒರೆಸಿಕೊಂಡು ಒಳಗೆ ಹೋಗಿ ಒಂದು ಹಿಡಿ ಹಿಟ್ಟು ತಂದು ಅವಳ ಸೆರಗಿಗೆ ಹಾಕಿದಳು. ಪಾರ್ವತಿಬಾಯಿ ಖೋಲಿಗೆ ಬಂದಳು, ಎಲೆಗಳ ಕಟ್ಟನ್ನು ಹೊಸ್ತಿಲಾಚೆ ನಿಂತಿದ್ದ ಶೋಭಾಳ ಕೈಗಿಟ್ಟಳು, ಬಾಗಿಲು ಹಾಕಿ ಚಿಲಕ ಏರಿಸಿದಳು.

ಗಲ್ಲಿಯಲ್ಲಿ ಕಾರುಗಳು ನಿಂತವು. ಬಾಗಿಲು ತಟ್ಟಿದ ಸದ್ದಾಯಿತು. "ಆಂಟಿ, ಎಲ್ಲರೂ ಬಂದ್ಬಿಟ್ರು. ಬಾಗಿಲು ತೆಗೀರಿ ಪ್ಲೀಸ್." ಶೋಭಾಳ ದನಿಯಲ್ಲಿ ಅಳು ಇತ್ತು. ಆಮೇಲೆ ಅಮೃತಪ್ಪನ ದನಿ. ಹೆಂಡತಿಯ ದೊಡ್ಡಸ್ತಿಕೆ ತೋರಿಸಲು ಇಸ್ಪೀಟಿನ ಸ್ನೇಹಿತರನ್ನೂ ಕರೆದುಕೊಂಡು ಬಂದಿದ್ದ.

"ಏನ್ ಹುಚ್ಚಾಟ ಇದು ಪಾರೂ? ಮಂದಿ ಬಂದಾರ. ಅದನ್ನ ತಗಿ ಮೊದ್ಲ!"

ಒಳಗೆ ಪಾರ್ವತಿಬಾಯಿಯ ಕೈ ತಾನಾಗಿ ಕೌದಿಯ ಅಂಚಿಗೆ ಹೋಯಿತು. ಆ ಮಾತಿಗೆ ಹೋಗಿ ಹೋಗಿ ರೂಢಿಯಾದ ಕೈ. ಅಂಚು ಹಿಡಿದಿದ್ದ ತನ್ನ ಬೆರಳುಗಳನ್ನು ಅವಳು ನೋಡಿದಳು. ಶೋಭಾಳ ಮೇಲೆ, ಗಂಡನ ಮೇಲೆ, ಕುರ್ಚಿಗಳ ಮೇಲೆ ಬಂದಿದ್ದ ಸಿಟ್ಟೆಲ್ಲ ಒಂದು ಪಾಲಾದರೆ ಆ ಬೆರಳುಗಳ ಮೇಲೆ ಬಂದದ್ದೇ ಒಂದು ಪಾಲು. ಅಂಚು ಬಿಟ್ಟು ಎದ್ದು ಹೋಗಿ ಸ್ಟೋವು ಹೊತ್ತಿಸಿದಳು.

ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದಳು. ಟಪ ಟಪ ಸದ್ದು ಬಾಗಿಲಾಚೆ ಕೇಳಿಸಿತು. "ಹಾಂ, ಬಡ್ಯಾಕತ್ತಾಳ ನೋಡ್ರಿ!" ಎಂದು ಅಮೃತಪ್ಪ ಹೆಮ್ಮೆಯಿಂದ ಸಾರಿದ. ಹೊರಗೆ ನಗು, ಚಪ್ಪಾಳೆ, ತಟ್ಟೆಗಳನ್ನು ಹಂಚುವ ಸಪ್ಪಳ. ಶೋಭಾ ಉಸಿರು ಬಿಟ್ಟು ಎಲ್ಲರಿಗೂ ಕೌದಿಯ ಬಗ್ಗೆ ಹೇಳತೊಡಗಿದಳು. ಜಯಮ್ಮ ಮಾತ್ರ ಕೂಸನ್ನೆತ್ತಿಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ಕಟ್ಟೆಯ ಮೇಲೆ ಕೂತಳು. ಯಾರೋ ತಟ್ಟೆ ಕೊಡಲು ಬಂದರೆ ತಲೆಯಾಡಿಸಿ ಬೇಡವೆಂದಳು.

ಒಳಗೆ ರೊಟ್ಟಿ ಉಬ್ಬಿತು. ಪಾರ್ವತಿಬಾಯಿ ತುತ್ತು ಮುರಿದು, ಅರಿಷಿಣ ಕುಂಕುಮ ಹಚ್ಚಿ, ಕೌದಿಯ ನಡುವೆ ಇಟ್ಟಳು. "ಉಣ್ಣವಾ," ಎಂದಳು. ಮೇಲೆ ಕೊನೆಯ ತುಂಡು ಮುಚ್ಚಿ ಸುತ್ತ ಹೊಲಿದು ದಾರ ಕಡಿದಳು. ಉಳಿದ ರೊಟ್ಟಿ ತವೆಯ ಮೇಲಿತ್ತು. ಗೋಡೆಗೊರಗಿ ಕೂತು ಅದನ್ನು ತಾನು ತಿಂದಳು, ಬೆರಳು ಸುಡುವಷ್ಟು ಬಿಸಿ ಇದ್ದಾಗಲೇ. ಮದುವೆಯಾದ ಮೇಲೆ ಬಿಸಿ ರೊಟ್ಟಿ ತಿಂದ ನೆನಪು ಅವಳಿಗೆ ಇರಲಿಲ್ಲ. ಬಡಿಯುವವಳ ಪಾಲಿಗೆ ಬರುತ್ತಿದ್ದದ್ದು ಎಲ್ಲರೂ ಉಂಡೆದ್ದ ಮೇಲೆ ಉಳಿದದ್ದು, ಆರಿದ್ದು.

ಸದ್ದು ನಿಂತು ಬಹಳ ಹೊತ್ತಾದ ಮೇಲೆ ಹೊರಗಿನವರಿಗೆ ಅನುಮಾನ ಬಂತು.

"ಪಾರೂ, ರೊಟ್ಟಿ ಆದುವೇನ?"

"ಆತು. ಒಂದ ಮಾಡಿದ್ದೆ. ಇಬ್ಬರೂ ಉಂಡ್ವಿ."

"ಇಬ್ಬರಂದ್ರ ಯಾರು? ಒಳಗ ಯಾರದಾರ?"

ಕಟ್ಟೆಯ ಮೇಲೆ ಜಯಮ್ಮ ಕಿಸಕ್ಕನೆ ನಕ್ಕಳು. "ಏಳ್ರಿ, ತಟ್ಟಿ ಇಟ್ಟು ಹೋಗ್ರಿನ್ನ," ಎಂದು ಅವಳು ಯಾರಿಗೋ ಹೇಳುತ್ತಿದ್ದದ್ದು ಕೇಳಿಸಿತು.

ಬಾಗಿಲು ಬಡಿಯುತ್ತಲೇ ಇತ್ತು. ಪಾರ್ವತಿಬಾಯಿ ಕೈ ತೊಳೆದು ಬಂದಳು. ಆಗ, ಮತ್ತೆ ಹಾಸಿದ ಮೇಲೆ ಮೊದಲ ಸಲ, ಆ ಕೌದಿಯ ಅಂಚನ್ನು ನೆಲದಿಂದ ಎತ್ತಿದಳು, ತಾನು ಒಳಗೆ ಹೋಗುವಷ್ಟು ಮಾತ್ರ, ಮತ್ತು ಹೊದ್ದು ಮಲಗಿದಳು.